ದಾತೆ ಎಂಬ ದಾತ

ಮೊದಲು ನಾನು ಅವನನ್ನು ಜಪಾನಿನ ಪ್ರಧಾನಿ ಅಂದುಕೊಂಡಿದ್ದೆ.

2011ರ ಜನವರಿ. ಬಿಡದಿ ಕಡೆಯ ಕಾರ್ಖಾನೆಯೊಂದರಿಂದ ನಮ್ಮನ್ನು ಆರು ಜನರನ್ನು ತರಬೇತಿಗೆಂದು ನಗೋಯಾಕ್ಕೆ ಕಳಿಸಿದ್ದರು. ಹಾಸ್ಟೆಲಿನ ಊಟದ ಮನೆಯಲ್ಲಿ ಟೀವಿ ಸದಾ ಓಡುತ್ತಲೇ ಇರುತ್ತಿತ್ತು. ಅನ್ನಕ್ಕೆ ಕಲಸಿಕೊಳ್ಳಲು ಸಕ್ಕರೆ ಹಾಕದ ಮೊಸರು ಎಲ್ಲಿ ಸಿಗುತ್ತದೆ ಎನ್ನುವುದೇ ನಮ್ಮ ಆ ಹೊತ್ತಿನ ದೊಡ್ಡ ಚಿಂತೆಯಾದ್ದರಿಂದ ಸುದ್ದಿಗೆ ಯಾರೂ ಕಿವಿ ಕೊಡುತ್ತಿರಲಿಲ್ಲ. ಆದರೆ ಆ ವಾರ ದಿನಾ ಅದೇ ಸುದ್ದಿ: ಯಾವುದೋ ಕಚೇರಿಯಲ್ಲಿ ಸಾಲಾಗಿ ಇಟ್ಟ ಶಾಲೆ ಬ್ಯಾಗುಗಳು, ಜೊತೆಗೊಂದು ಚೀಟಿ, ಚೀಟಿಯಲ್ಲಿ ಒಂದು ಹೆಸರು. ದಾತೆ ನಾವೊತೊ. ಆಗಿನ ಪ್ರಧಾನಿಯ ಹೆಸರು ಕಾನ್ ನಾವೊತೊ. ನನ್ನ ಕಿವಿಗೆ ಬಿದ್ದದ್ದು ನಾವೊತೊ ಅಷ್ಟೇ. "ಎಲೆಕ್ಷನ್ ಹತ್ತಿರ ಬಂದಿರಬೇಕು, ಮಕ್ಕಳಿಗೆ ಬ್ಯಾಗು ಹಂಚಿಸ್ತಿದ್ದಾರೆ" ಎಂದು ಪಕ್ಕದವನಿಗೆ ಹೇಳಿದೆ. ಅವನೂ ಹೌದು ಹೌದು ಎಂದು ತಲೆಯಾಡಿಸಿದ. ನಮ್ಮೂರಿನ ಲೆಕ್ಕದಲ್ಲಿ ಅದರಲ್ಲಿ ಅನುಮಾನಪಡುವಂಥದ್ದೇನೂ ಇರಲಿಲ್ಲ.

ಮರುದಿನ ವೆಲ್ಡಿಂಗ್ ಕಲಿಸುವ ಮೇಷ್ಟ್ರನ್ನು ಕೇಳಿದೆ. ಐವತ್ತರ ಹತ್ತಿರದ ಮನುಷ್ಯ. ಮಾತು ಕಮ್ಮಿ. ತಪ್ಪು ಮಾಡಿದರೆ ಬೈಯುವುದಿಲ್ಲ, ನಮ್ಮ ಕೈಯಿಂದ ಟಾರ್ಚ್ ಇಸಕೊಂಡು ಅದೇ ಜಾಗದಲ್ಲಿ ಮತ್ತೊಮ್ಮೆ ಮಾಡಿ ತೋರಿಸಿ ಸುಮ್ಮನೆ ವಾಪಸ್ ಕೊಡುತ್ತಿದ್ದರು, ಅದೇ ಬೈಗುಳ.

"ಈ ದಾತೆ ನಾವೊತೊ ಯಾರು? ಮಂತ್ರಿನಾ?"

ಮೇಷ್ಟ್ರು ಮುಖದ ಮೇಲಿನ ಶೀಲ್ಡ್ ಎತ್ತಿದರು. ಆ ಮನುಷ್ಯ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

"ಅವನಾ? ಅವನು ಕುಸ್ತಿಯವನು. ನಾನು ಮೂರನೇ ಕ್ಲಾಸಲ್ಲಿದ್ದಾಗ ವಿಮಾನ ಹತ್ತಿ ಹೋದ. ಇನ್ನೂ ವಾಪಸ್ ಬಂದಿಲ್ಲ."

ಇಷ್ಟು ಹೇಳಿ ಶೀಲ್ಡ್ ಇಳಿಸಿಕೊಂಡು ಕೆಲಸಕ್ಕೆ ಬಾಗಿದರು.

ಮುಂದಿನದನ್ನು ನಾನೇ ಹುಡುಕಿಕೊಳ್ಳಬೇಕಾಯಿತು. ಭಾನುವಾರ ಓಸುಗೆ ಹೋದೆ. ಓಸು ಎಂದರೆ ನಗೋಯಾದ ಹಳೇ ಪೇಟೆ, ದೇವಸ್ಥಾನವೊಂದರ ಸುತ್ತ ಬೆಳೆದದ್ದು. ನಮ್ಮ ಅವೆನ್ಯೂ ರೋಡು, ಎಸ್.ಪಿ. ರೋಡು ಎರಡನ್ನೂ ಒಟ್ಟಿಗೆ ಗಂಟು ಹಾಕಿ ಮೇಲೊಂದು ಸೂರು ಹೊದಿಸಿದರೆ ಹೇಗಿರುತ್ತದೋ ಹಾಗೆ. ಅಲ್ಲಿನ ಹಳೇ ಪುಸ್ತಕದ ಅಂಗಡಿಯೊಂದರ ಬಾಗಿಲಲ್ಲೇ ನೂರು ಯೆನ್ನಿನ ಕಪಾಟು. ಜೊತೆಯವು ಕಳೆದುಹೋಗಿ ಒಂಟಿಯಾದ ಸಂಪುಟಗಳೆಲ್ಲ ಅಲ್ಲಿಗೆ ಬಂದು ಬೀಳುತ್ತವೆ. ಹೆಸರು ಹೇಳಿ ಕೇಳಿದ್ದಕ್ಕೆ ಅಂಗಡಿಯವನು ಒಂದು ಪುಸ್ತಕ ಎಳೆದು ಕೊಟ್ಟ. ಟೈಗರ್ ಮಾಸ್ಕ್ ಎಂಬ ಮಂಗಾ, ಅಂದರೆ ಜಪಾನಿ ಚಿತ್ರಕಥೆ. ಕೊನೆಯ ಸಂಪುಟ. ಹಿಂದಿನವು ಯಾವುದೂ ಇರಲಿಲ್ಲ.

ಜಪಾನಿ ಪುಸ್ತಕ ಬಲದಿಂದ ಶುರುವಾಗುತ್ತದೆ ಎಂದು ಗೊತ್ತಿದ್ದರೂ ಕೈ ತನ್ನ ಅಭ್ಯಾಸದಂತೆ ಎಡದಿಂದಲೇ ತೆರೆಯಿತು. ಹೀಗಾಗಿ ನಾನು ಕಂಡದ್ದು ಕೊನೆಯ ಸಂಪುಟದ ಕೊನೆಯ ಪುಟಗಳು. ಕಾಂಜಿ, ಅಂದರೆ ಚೀನೀ ಮೂಲದ ಜಪಾನಿ ಅಕ್ಷರಗಳು, ಆಗ ನನಗೆ ಬರುತ್ತಿದ್ದದ್ದು ನೂರೋ ಇನ್ನೂರೋ. ಆದರೆ ಹುಡುಗರ ಮಂಗಾದಲ್ಲಿ ಪ್ರತಿ ಕಾಂಜಿಯ ಪಕ್ಕದಲ್ಲಿ ಇರುವೆ ಸಾಲಿನ ಹಾಗೆ ಸಣ್ಣಕ್ಷರದಲ್ಲಿ ಉಚ್ಚಾರಣೆ ಬರೆದಿರುತ್ತಾರೆ. ಅದನ್ನು ಹಿಡಿದುಕೊಂಡು, ನಿಘಂಟು ಇಟ್ಟುಕೊಂಡು, ಹಾಸ್ಟೆಲಿನಲ್ಲಿ ಕೂತು ಓದಿದೆ.

ದಾತೆ ನಾವೊತೊ ವಿಶ್ವ ಚಾಂಪಿಯನ್ ಜೊತೆಗಿನ ಪಂದ್ಯಕ್ಕೆ ಹೋಗುತ್ತಿದ್ದಾನೆ. ಎದುರಾಳಿ ಡೋರಿ ಫಂಕ್ ಜೂನಿಯರ್. ಇವನು ಕಥೆಯವನಲ್ಲ, ಆ ಕಾಲಕ್ಕೆ ನಿಜವಾಗಿಯೂ ಎನ್‌ಡಬ್ಲ್ಯುಎ ಎಂಬ ಕುಸ್ತಿ ಒಕ್ಕೂಟದ ಚಾಂಪಿಯನ್ ಆಗಿದ್ದ ಅಮೆರಿಕದ ಕುಸ್ತಿಪಟು. ದಾರಿಯಲ್ಲಿ ಒಂದು ಮಗು ಟಿಪ್ಪರ್ ಲಾರಿಗೆ ಅಡ್ಡ ಸಿಕ್ಕಿಬಿಡುತ್ತದೆ. ನಾವೊತೊ ಹಾರುತ್ತಾನೆ. ಮಗು ಉಳಿಯುತ್ತದೆ, ಇವನು ಉಳಿಯುವುದಿಲ್ಲ. ಪ್ರಾಣ ಹೋಗುವ ಮುಂಚೆ ಅವನ ಕೈ ಜೇಬಿಗೆ ಹೋಗುತ್ತದೆ. ಜೇಬಿನಲ್ಲಿ ಹುಲಿಯ ಮುಖವಾಡ, ಟೈಗರ್ ಮಾಸ್ಕ್ ಎಂಬ ಹೆಸರಲ್ಲಿ ಅಖಾಡಕ್ಕಿಳಿಯುವಾಗ ಅವನು ತೊಡುತ್ತಿದ್ದದ್ದು. ಅದನ್ನು ಪಕ್ಕದ ಕೊಳಚೆ ಕಾಲುವೆಗೆ ಎಸೆಯುತ್ತಾನೆ. ಅಷ್ಟೇ, ಕಥೆ ಮುಗಿಯಿತು.

ಕುಸ್ತಿಯ ಕಥೆ ರಸ್ತೆ ಅಪಘಾತದಲ್ಲಿ ಮುಗಿಯುತ್ತದೆ ಎಂದು ಯಾರು ಎಣಿಸುತ್ತಾರೆ? ಅಖಾಡವಿಲ್ಲ, ಜನರಿಲ್ಲ, ಗಂಟೆಯಿಲ್ಲ. ಆದರೆ ನನಗೆ ನಿದ್ದೆ ಬಾರದಂತೆ ಮಾಡಿದ್ದು ಲಾರಿಯಲ್ಲ, ಜೇಬಿಗೆ ಹೋದ ಕೈ. ಸಾಯುವವನು ನೀರು ಕೇಳಬಹುದು, ಯಾರದ್ದಾದರೂ ಹೆಸರು ಕರೆಯಬಹುದು. ಇವನು ಸಾಕ್ಷ್ಯ ನಾಶ ಮಾಡುತ್ತಾನೆ! ಮುಖವಾಡ ಸಿಕ್ಕರೆ ಪೊಲೀಸರಿಗೆ ಗೊತ್ತಾಗುತ್ತದೆ, ಬೆಳಗ್ಗೆ ಪತ್ರಿಕೆಯಲ್ಲಿ ಬರುತ್ತದೆ, ಎಲ್ಲೋ ಒಂದು ಅನಾಥಾಲಯದ ಮಕ್ಕಳಿಗೆ ತಮ್ಮ ಹುಲಿ ಲಾರಿಗೆ ಸಿಕ್ಕಿ ಸತ್ತಿತು ಎಂದು ತಿಳಿಯುತ್ತದೆ. ಮುಖವಾಡ ಕೊಳಚೆಯಲ್ಲಿ ಮುಳುಗಿದರೆ ಸತ್ತವನು ಯಾರೋ ಒಬ್ಬ ದಾರಿಹೋಕ ಯುವಕ. ಟೈಗರ್ ಮಾಸ್ಕ್ ಸಾಯಲಿಲ್ಲ, ಆ ಪಂದ್ಯಕ್ಕೆ ಬರಲಿಲ್ಲ ಅಷ್ಟೇ.

ಸೋಮವಾರ ಮೇಷ್ಟ್ರಿಗೆ ಹೇಳಿದೆ, ಅವನು ವಿಮಾನ ಹತ್ತಲಿಲ್ಲ, ಲಾರಿಗೆ ಸಿಕ್ಕಿದ ಅಂತ. ಅವರ ಮುಖ ನೋಡಬೇಕಿತ್ತು. ನಲವತ್ತು ವರ್ಷದ ಹಿಂದೆ ಊರು ಬಿಟ್ಟುಹೋದ ಅಣ್ಣನ ಸಾವಿನ ಸುದ್ದಿ ತಂದವನನ್ನು ನೋಡುವ ಹಾಗೆ ನನ್ನನ್ನು ನೋಡಿದರು. "ಸುಳ್ಳು" ಎಂದರು.

ಸುಳ್ಳಲ್ಲ, ಆದರೆ ಅವರು ಹೇಳಿದ್ದೂ ಸುಳ್ಳಲ್ಲ. ಮಂಗಾ 1968ರಲ್ಲಿ ಕೋದಾನ್ಶಾ ಪ್ರಕಾಶನದ 'ಬೊಕುರಾ' ಎಂಬ ಹುಡುಗರ ಪತ್ರಿಕೆಯಲ್ಲಿ ಶುರುವಾಗಿ 1971ರಲ್ಲಿ ಮುಗಿಯಿತು. ಕಥೆ ಕಾಜಿವಾರಾ ಇಕ್ಕಿ ಅವರದು, ಚಿತ್ರ ತ್ಸುಜಿ ನವೊಕಿ ಅವರದು. ಅದು ಇನ್ನೂ ನಡೆಯುತ್ತಿರುವಾಗಲೇ 1969ರ ಅಕ್ಟೋಬರಿನಲ್ಲಿ ಟೀವಿಯ ಕಾರ್ಟೂನ್ ಆಗಿಯೂ ಬಂತು. 105 ಕಂತು, ಎರಡು ವರ್ಷ. ಟೀವಿಯವರು ಬೇರೆ ಕೊನೆ ಕೊಟ್ಟರು. ಅಲ್ಲಿ ಕಡೆಯ ಪಂದ್ಯದಲ್ಲಿ ಎಲ್ಲರ ಕಣ್ಣೆದುರೇ ಮುಖವಾಡ ಕಿತ್ತುಬರುತ್ತದೆ, ಬಿಟ್ಟಿದ್ದ ಮೋಸದ ಪಟ್ಟುಗಳನ್ನೆಲ್ಲ ಮತ್ತೆ ಹಾಕಿ ಎದುರಾಳಿಯನ್ನು ಮುಗಿಸುತ್ತಾನೆ, ಆಮೇಲೆ ಮುಖ ತೋರಿಸಲಾರದೆ ವಿಮಾನ ಹತ್ತಿ ಹೋಗಿಬಿಡುತ್ತಾನೆ. ಟೀವಿ ನೋಡಿ ಬೆಳೆದವರ ಪಾಲಿಗೆ ಅವನು ಇನ್ನೂ ಎಲ್ಲೋ ಇದ್ದಾನೆ.

ಮುಂದಿನ ನಾಲ್ಕೈದು ತಿಂಗಳು ಓಸುವಿನ ಆ ಕಪಾಟಿಗೆ ಯಾವ ಸಂಪುಟ ಬಂದು ಬಿದ್ದರೆ ಅದನ್ನು ಓದುತ್ತಾ ಹೋದೆ. ಹೀಗಾಗಿ ಅವನ ಬದುಕು ನನಗೆ ತಿಳಿದದ್ದು ಹೆಚ್ಚುಕಡಿಮೆ ಹಿಂದುಮುಂದಾಗಿಯೇ.

ಅವನಿಗೆ ಎರಡು ವೇಷ. ಅಖಾಡದಲ್ಲಿ ಹುಲಿ. ಅನಾಥಾಲಯದ ಬಾಗಿಲಲ್ಲಿ ಶೋಕಿಲಾಲ. ಚಿಬಿಕ್ಕೊ ಹೌಸ್ ಎನ್ನುವ ಆ ಅನಾಥಾಲಯದಲ್ಲೇ ಅವನು ಬೆಳೆದದ್ದು. ದೊಡ್ಡವನಾಗಿ ಅಲ್ಲಿಗೆ ಮರಳುವಾಗ ಒಳ್ಳೇ ಸೂಟು ತೊಟ್ಟು, ಕಾರಿನಲ್ಲಿ ಉಡುಗೊರೆ ತುಂಬಿಕೊಂಡು, ಯಾರೋ ಸಾಹುಕಾರನ ಉಂಡಾಡಿ ಮಗನಂತೆ ನಟಿಸುತ್ತಾನೆ. ಕೆಂತಾ ಎನ್ನುವ ಹುಡುಗ ಅವನಿಗೆ 'ಕಿಜಾ ನೀಚಾನ್' ಎಂದು ಅಡ್ಡಹೆಸರಿಡುತ್ತಾನೆ. ನಮ್ಮ ಮಾತಿನಲ್ಲಿ ಸ್ಟೈಲ್ ಅಣ್ಣ ಅನ್ನಬಹುದು, ಸ್ವಲ್ಪ ಗೇಲಿ ಸೇರಿಸಿ. ಅದೇ ಕೆಂತಾಗೆ ಟೈಗರ್ ಮಾಸ್ಕ್ ಎಂದರೆ ಪ್ರಾಣ. ಪ್ರಾಣಕ್ಕಿಂತ ಹೆಚ್ಚಾದ ಹುಲಿಯೂ, ಗೇಲಿಗೆ ಗುರಿಯಾದ ಅಣ್ಣನೂ ಒಬ್ಬನೇ ಎಂದು ಹುಡುಗನಿಗೆ ಗೊತ್ತಿಲ್ಲ. ಅನಾಥಾಲಯ ನೋಡಿಕೊಳ್ಳುವ ರುರಿಕೊಗೆ ಮಾತ್ರ ಒಳಗೊಳಗೇ ಅನುಮಾನ.

ಅವನ ಮನೆತನದ ಹೆಸರಿನ ಮೇಲೆ ಒಂದು ಮಾತು ಹೇಳಲೇಬೇಕು. ಜಪಾನಿಯಲ್ಲಿ 'ದಾತೆ' ಎಂದರೆ ಹಳೆಯ ಸಾಮಂತ ಮನೆತನದ ಹೆಸರು. ಜೊತೆಗೆ ಶೋಕಿ, ತೋರಿಕೆಯ ಠೀವಿ ಎನ್ನುವ ಅರ್ಥವೂ ಇದೆ. ಪವರ್ ಇಲ್ಲದೆ ಬರೀ ಚಂದಕ್ಕೆ ಹಾಕಿಕೊಳ್ಳುವ ಕನ್ನಡಕಕ್ಕೆ 'ದಾತೆ ಮೆಗಾನೆ' ಎನ್ನುತ್ತಾರೆ. ಅಂದರೆ ಅವನ ಹೆಸರಲ್ಲೇ ಸುಳ್ಳು ಕನ್ನಡಕ ಇದೆ. ಕನ್ನಡದ ಕಿವಿಗೋ, ದಾತೆ ಎಂದೊಡನೆ ದಾತ ಕೇಳಿಸುತ್ತದೆ. ನಿಘಂಟು ನೋಡುವ ಮುಂಚೆ ಎಷ್ಟೋ ದಿನ ನಾನು, ಇವನ ದಾನಬುದ್ಧಿ ನೋಡಿಯೇ ಬರೆದವರು ಹೆಸರು ಕಟ್ಟಿದ್ದಾರೆ ಎಂದುಕೊಂಡಿದ್ದೆ. ಶುದ್ಧ ಕಾಕತಾಳೀಯ, ಆದರೂ ನನಗೆ ಬಿಟ್ಟುಕೊಡಲು ಮನಸ್ಸಿಲ್ಲ.

ಈ ದಾನ ಸುಮ್ಮನೆ ಬಂದದ್ದಲ್ಲ. ಅವನಿಗೆ ಕುಸ್ತಿ ಕಲಿಸಿದ್ದು 'ಹುಲಿಯ ಗುಹೆ' ಎನ್ನುವ ಗುಪ್ತ ಸಂಸ್ಥೆ. ಆಲ್ಪ್ಸ್ ಬೆಟ್ಟಗಳ ನಡುವೆ ಅದರ ತಾಣ. ಲೋಕದ ನಾನಾ ಕಡೆಯಿಂದ ದಿಕ್ಕಿಲ್ಲದ ಹುಡುಗರನ್ನು ತಂದು ಖಳ ಕುಸ್ತಿಪಟುಗಳನ್ನಾಗಿ ತಯಾರು ಮಾಡುವ ಕಾರ್ಖಾನೆ ಎಂದರೂ ಸರಿ. ತರಬೇತಿಯಲ್ಲಿ ಸತ್ತವರು ಸತ್ತರು, ಉಳಿದವರು ದುಡಿಯಲು ಹೊರಗೆ ಬಂದರು. ಷರತ್ತು ಒಂದೇ: ಜೀವನಪೂರ್ತಿ ಗಳಿಕೆಯಲ್ಲಿ ಅರ್ಧ ಗುಹೆಗೆ. ಜೀತದ ಪತ್ರ. ಸಾಲ ಕೊಟ್ಟವನು ಹೊಲದಲ್ಲಿ ದುಡಿಸಿಕೊಳ್ಳುವ ಬದಲು ಅಖಾಡದಲ್ಲಿ ದುಡಿಸಿಕೊಳ್ಳುತ್ತಾನೆ, ಅಷ್ಟೇ ವ್ಯತ್ಯಾಸ. ಚಿಬಿಕ್ಕೊ ಹೌಸ್ ಸಾಲಕ್ಕೆ ಸಿಕ್ಕಿ ಮುಳುಗುವ ಹೊತ್ತಿಗೆ ನಾವೊತೊ ಗುಹೆಗೆ ಕೊಡಬೇಕಾದ ದುಡ್ಡನ್ನು ಅಲ್ಲಿಗೆ ಕೊಟ್ಟುಬಿಡುತ್ತಾನೆ. ಗುಹೆಯ ವಸೂಲಿಗಾರ ಮಿಸ್ಟರ್ ಎಕ್ಸ್ ಬಿಡುತ್ತಾನೆಯೇ? ಒಬ್ಬರ ಮೇಲೊಬ್ಬರಂತೆ ಕೊಲೆಗಡುಕ ಕುಸ್ತಿಪಟುಗಳನ್ನು ಅಖಾಡಕ್ಕೆ ಕಳಿಸುತ್ತಾನೆ. ಮಂಗಾದ ಮುಕ್ಕಾಲು ಭಾಗ ಇವರೊಂದಿಗಿನ ಹೊಡೆದಾಟವೇ. ನಿಜ ಹೇಳಬೇಕೆಂದರೆ ಅವುಗಳಲ್ಲಿ ಎಷ್ಟೋ ಪಂದ್ಯಗಳನ್ನು ನಾನು ಹಾರಿಸಿಕೊಂಡೇ ಓದಿದ್ದು. ಮುಖವಾಡಧಾರಿಗಳದ್ದೇ ಒಂದು ವಿಶ್ವ ಲೀಗ್ ಬೇರೆ ಬರುತ್ತದೆ. ಅದರಲ್ಲಿ ವೇಷಗಳ ಜಾತ್ರೆ ಜಾಸ್ತಿ, ಕಥೆ ಕಮ್ಮಿ.

ಹಾರಿಸದೆ ಎರಡು ಮೂರು ಸಲ ಓದಿದ್ದು ಬೇರೆಯದನ್ನು. ಶುರುವಿನಲ್ಲಿ ಟೈಗರ್ ಮಾಸ್ಕ್ ಕೆಟ್ಟವನೇ. ಗುಹೆ ಕಲಿಸಿದ್ದೇ ಅದನ್ನು: ರೆಫರಿ ತಿರುಗಿದಾಗ ಕುತ್ತಿಗೆ ಹಿಸುಕು, ಬಿದ್ದವನನ್ನು ತುಳಿ, ರಕ್ತ ಬಂದ ಜಾಗಕ್ಕೇ ಮತ್ತೆ ಹೊಡಿ. ಕೆಂತಾ ಅದನ್ನೇ ಮೆಚ್ಚುತ್ತಾನೆ. ದೊಡ್ಡವನಾದ ಮೇಲೆ ತಾನೂ ಟೈಗರ್ ಮಾಸ್ಕ್ ಹಾಗೆ ಮೋಸದ ಕುಸ್ತಿ ಆಡುತ್ತೇನೆ ಎನ್ನುತ್ತಾನೆ, ಅದೂ ಸ್ಟೈಲ್ ಅಣ್ಣನ ಮುಂದೆ ನಿಂತು. ಬುದ್ಧಿ ಹೇಳುವ ಹಾಗಿಲ್ಲ. ಹೇಳಲು ಸ್ಟೈಲ್ ಅಣ್ಣ ಯಾವ ದೊಡ್ಡ ಮನುಷ್ಯ? ಹುಡುಗನಿಗೆ ಉತ್ತರ ಕೊಡಬೇಕೆಂದರೆ ಅಖಾಡದಲ್ಲಿ ಮೈಯಿಂದಲೇ ಕೊಡಬೇಕು. ಅಲ್ಲಿಂದ ಅವನು ನೇರ ಕುಸ್ತಿಗೆ ಇಳಿಯುತ್ತಾನೆ, ಮೋಸವೊಂದನ್ನು ಬಿಟ್ಟು ಬೇರೇನೂ ಬಾರದ ಕೈಗಳಲ್ಲಿ. ಒದೆ ತಿನ್ನುತ್ತಾನೆ. ಕಲಿತದ್ದನ್ನು ಮರೆಯುವುದು ಕಲಿಯುವುದಕ್ಕಿಂತ ಕಷ್ಟ ಎನ್ನುವುದು ತಪ್ಪಾಗಿ ವೆಲ್ಡಿಂಗ್ ಕಲಿತುಕೊಂಡು ಹೋಗಿದ್ದ ನನಗೆ ಆಗ ದಿನಾ ಅನುಭವಕ್ಕೆ ಬರುತ್ತಿತ್ತು.

ಜಪಾನಿಗೆ ಬರುವ ಮುಂಚೆ ಅವನು ಅಮೆರಿಕದಲ್ಲಿದ್ದ. ಅಲ್ಲಿ ಅವನಿಗಿದ್ದ ಬಿರುದು 'ಹಳದಿ ದೆವ್ವ'. ಇದು ಬರಹಗಾರರ ಕಲ್ಪನೆ ಎಂದು ನಾನು ಮೊದಲು ಎಣಿಸಿದ್ದೆ. ಆದರೆ ಎರಡನೇ ಮಹಾಯುದ್ಧದ ನಂತರದ ಅಮೆರಿಕದ ಅಖಾಡಗಳಲ್ಲಿ ಜಪಾನಿ ಮುಖದವನಿಗೆ ಸಿಗುತ್ತಿದ್ದ ಪಾತ್ರ ಒಂದೇ, ಕುತಂತ್ರಿ ಖಳ. ನಯವಾಗಿ ಬಾಗಿ ನಮಸ್ಕಾರ ಮಾಡುವುದು, ಎದುರಾಳಿ ಬಾಗಿದ ಕೂಡಲೇ ಕಣ್ಣಿಗೆ ಉಪ್ಪೆರಚುವುದು. ಅಮೆರಿಕದಲ್ಲೇ ಹುಟ್ಟಿದ ಗ್ರೇಟ್ ತೋಗೊನಂಥ ಜಪಾನಿ ಮೂಲದವರು ಇದೇ ವೇಷದಲ್ಲಿ ಜನರಿಂದ ಬೈಸಿಕೊಂಡು ಹೊಟ್ಟೆ ಹೊರೆದರು.

ಜಪಾನಿನಲ್ಲಿ ಇದಕ್ಕೆ ತಿರುಗೇಟು ಕೊಟ್ಟವನು ರಿಕಿದೋಜಾನ್. ಸುಮೊ ಬಿಟ್ಟು ಬಂದವನು. 1954ರ ಫೆಬ್ರವರಿಯಲ್ಲಿ ಅವನು ಜೂಡೊಗಾರ ಕಿಮುರಾ ಮಸಾಹಿಕೊ ಜೊತೆ ಸೇರಿ ಶಾರ್ಪ್ ಸಹೋದರರೆಂಬ ದೈತ್ಯ ಬಿಳಿಯರ ಎದುರು ಅಖಾಡಕ್ಕಿಳಿದ. ಟೀವಿ ಪ್ರಸಾರ ಶುರುವಾಗಿ ಆಗಿನ್ನೂ ಒಂದು ವರ್ಷ. ಮನೆಗಳಲ್ಲಿ ಟೀವಿ ಎಲ್ಲಿತ್ತು? ಬೀದಿ ಬದಿ, ರೈಲು ನಿಲ್ದಾಣದ ಮುಂದೆ ಎತ್ತರದಲ್ಲಿ ಟೀವಿ ಇಟ್ಟಿದ್ದರು. ಅದರ ಕೆಳಗೆ ಸಾವಿರಗಟ್ಟಲೆ ಜನ ಕತ್ತೆತ್ತಿ ನಿಂತು, ರಿಕಿದೋಜಾನ್ ತನ್ನ ಅಂಗೈ ಅಲಗಿನಿಂದ ಬಿಳಿಯರ ಎದೆಗೆ ಕೊಡುತ್ತಿದ್ದ ಏಟುಗಳನ್ನು ತಮ್ಮದೇ ಎಂಬಂತೆ ನೋಡಿದರು. ಸೋತ ದೇಶಕ್ಕೆ ಒಂಬತ್ತು ವರ್ಷದ ಮೇಲೆ ಸಿಕ್ಕ ಸಣ್ಣ ಗೆಲುವು.

ಆದರೆ ಜಪಾನಿನ ಮಾನ ಉಳಿಸಿದ ಆ ವೀರ ಹುಟ್ಟಿದ್ದು ಕೊರಿಯಾದಲ್ಲಿ. ಈಗಿನ ಉತ್ತರ ಕೊರಿಯಾದಲ್ಲಿ. ಇದ್ದಷ್ಟು ಕಾಲ ಅವನು ಅದನ್ನು ಜನರಿಂದ ಮುಚ್ಚಿಟ್ಟ. 1963ರ ಮೇ ತಿಂಗಳಲ್ಲಿ ಬಿಳಿ ಮುಖವಾಡದ ಡೆಸ್ಟ್ರಾಯರ್ ಎಂಬ ಅಮೆರಿಕನ್ನನ ಜೊತೆ ಆಡಿದಾಗ ಜಪಾನಿನ ಟೀವಿ ಮನೆಗಳಲ್ಲಿ ನೂರಕ್ಕೆ 64 ಅದನ್ನೇ ನೋಡುತ್ತಿದ್ದವು. ಮುಖವಾಡ ಹಾಕಿಕೊಂಡವನು ಒಬ್ಬ, ಹಾಕಿಕೊಂಡಿದ್ದಾನೆಂದು ಯಾರಿಗೂ ಗೊತ್ತಿಲ್ಲದವನು ಇನ್ನೊಬ್ಬ. ಅದೇ ವರ್ಷದ ಡಿಸೆಂಬರಿನಲ್ಲಿ ಟೋಕಿಯೋದ ಅಕಾಸಾಕಾದ ನೈಟ್‌ಕ್ಲಬ್ಬಿನಲ್ಲಿ ಯಾಕುಜಾ ಎಂಬ ಭೂಗತ ಗುಂಪಿನವನೊಬ್ಬ ಚೂರಿ ಹಾಕಿದ. ಒಂದು ವಾರ ಕಳೆದು ರಿಕಿದೋಜಾನ್ ತೀರಿಕೊಂಡ. ಐದು ವರ್ಷದ ಮೇಲೆ ಟೈಗರ್ ಮಾಸ್ಕ್ ಶುರುವಾದಾಗ ಓದುವ ಹುಡುಗರ ಅಪ್ಪಂದಿರ ತಲೆಯಲ್ಲಿ ಇದೆಲ್ಲ ಇತ್ತು. ರಿಕಿದೋಜಾನನ ಇಬ್ಬರು ಶಿಷ್ಯರು, 209 ಸೆಂಟಿಮೀಟರ್ ಎತ್ತರದ ಜೈಂಟ್ ಬಾಬಾ ಮತ್ತು ಬ್ರೆಜಿಲಿನಿಂದ ಅವನೇ ಕರೆತಂದಿದ್ದ ಆಂಟೋನಿಯೊ ಇನೊಕಿ, ತಮ್ಮ ಅಖಾಡದ ಹೆಸರು, ನಿಜ ಮುಖದಲ್ಲೇ ಮಂಗಾದೊಳಗೆ ನಡೆದಾಡುತ್ತಾರೆ, ನಾವೊತೊಗೆ ಅಣ್ಣಂದಿರಂತೆ.

ಈಗ ನಿಮ್ಮಲ್ಲಿ ಕೆಲವರು ಕೇಳುತ್ತೀರಿ, ಈ ಕುಸ್ತಿ ಎಲ್ಲಾ ನಾಟಕ ತಾನೇ ಎಂದು. ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರಿಗೆ ಈ ಪ್ರಶ್ನೆಯ ಬಿಸಿ ಗೊತ್ತು. ಊಟದ ಬೆಲ್ಲು ಹೊಡೆದ ಕೂಡಲೇ ಡಬ್ಲ್ಯುಡಬ್ಲ್ಯುಎಫ್ ಕಾರ್ಡುಗಳು ಹೊರಬರುತ್ತಿದ್ದವು. ಎದೆ ಎಷ್ಟು, ಬೈಸೆಪ್ಸ್ ಎಷ್ಟು, ರ‍್ಯಾಂಕ್ ಎಷ್ಟು. ಅಂಡರ್‌ಟೇಕರ್ ಏಳು ಸಲ ಸತ್ತು ಎದ್ದು ಬಂದವನು ಎಂದು ಇಡೀ ಶಾಲೆ ನಂಬಿತ್ತು. ಅಷ್ಟರಲ್ಲಿ ಯಾರದೋ ಸೋದರಮಾವ ಬಂದು "ಎಲ್ಲಾ ಮೊದಲೇ ಮಾತಾಡಿಕೊಂಡಿರ್ತಾರೆ ಕಣ್ರೋ" ಎಂದು ಹೇಳಿ ಹೋಗುವನು. ಎರಡು ದಿನ ಸೂತಕ.

ಟೈಗರ್ ಮಾಸ್ಕ್ ಓದುವಾಗ ಆ ಮಾವನ ಮಾತು ತಲೆಕೆಳಗಾಗಿ ಕಂಡಿತು. ಟೀವಿಯ ಕುಸ್ತಿಯಲ್ಲಿ ಗೆಲುವು ಸೋಲು ಮಾತಾಡಿಕೊಂಡದ್ದು, ಆದರೆ ಬೀಳುವ ಮೈ ನಿಜ. ಕಾಜಿವಾರಾ ಕಥೆಯಲ್ಲಿ ಏಟು, ರಕ್ತ, ಸಾವು ಎಲ್ಲ ನಿಜ. ನಾಟಕ ಇರುವುದು ಅಖಾಡದ ಹೊರಗೆ. ಮುಖವಾಡ ಹಾಕಿಕೊಂಡಿರುವ ಹೊತ್ತೇ ನಾವೊತೊ ನಟಿಸದೆ ಇರುವ ಹೊತ್ತು. ಅದನ್ನು ಕಳಚಿ ಸೂಟು ತೊಟ್ಟು ಮಕ್ಕಳ ಮುಂದೆ ಬಂದು ಪೆದ್ದು ನಗೆ ನಕ್ಕಾಗ ಪಾತ್ರ ಶುರು. ಮೈಸೂರು ದಸರಾದ ನಾಡಕುಸ್ತಿಯಲ್ಲಿ ಪೈಲ್ವಾನನ ಹೆಸರಿನ ಜೊತೆಗೆ ಊರು, ಗರಡಿ, ಉಸ್ತಾದರ ಹೆಸರನ್ನೂ ಕೂಗುತ್ತಾರಲ್ಲ. ಅಲ್ಲಿ ನಿಂತು ನೋಡಿದವರಿಗೆ ಈ ಮನುಷ್ಯ ಎಷ್ಟು ಒಂಟಿ ಎಂದು ತಟ್ಟನೆ ಅರ್ಥವಾಗುತ್ತದೆ. ಅವನಿಗೆ ಹೇಳಿಕೊಳ್ಳಲು ಊರಿಲ್ಲ. ಗರಡಿ ಇದೆ, ಅದೇ ಅವನನ್ನು ಕೊಲ್ಲಲು ಹೊರಟಿದೆ.

ಬರೆದ ಕಾಜಿವಾರಾ ಬಗ್ಗೆಯೂ ಒಂದು ಮಾತು. ಅದೇ ವರ್ಷಗಳಲ್ಲಿ ಬೇಸ್‌ಬಾಲಿನದೊಂದು, ಇನ್ನೊಂದು ಕಾವ್ಯನಾಮದಲ್ಲಿ ಬಾಕ್ಸಿಂಗಿನದೊಂದು, ಎರಡು ಭಾರೀ ಜನಪ್ರಿಯ ಮಂಗಾಗಳನ್ನು ಅವರು ಜೊತೆಜೊತೆಗೇ ಬರೆಯುತ್ತಿದ್ದರು. ಮಕ್ಕಳಿಗೆ ನ್ಯಾಯದ ಕುಸ್ತಿ ಹೇಳಿಕೊಟ್ಟ ಈ ಮನುಷ್ಯನನ್ನು 1983ರಲ್ಲಿ ಪತ್ರಿಕೆಯ ಸಂಪಾದಕರೊಬ್ಬರ ಮೇಲೆ ಕೈಮಾಡಿದ್ದಕ್ಕೆ ಪೊಲೀಸರು ಬಂಧಿಸಿದರು. 1987ರಲ್ಲಿ ಐವತ್ತನೇ ವಯಸ್ಸಿಗೆ ತೀರಿಕೊಂಡರು. ಕೆಲವರು ಇದನ್ನು ಹೇಳಿ ಮಂಗಾವನ್ನೇ ತಳ್ಳಿಹಾಕುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮೋಸದ ಪಟ್ಟು ಕೈಗೆ ಬಂದುಬಿಟ್ಟವನು ಅದನ್ನು ಬಿಡಲು ಒದ್ದಾಡುವ ಕಥೆಯನ್ನು ಸಾಧುಸಂತರು ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

ಚರಂಡಿಗೆ ಬಿದ್ದ ಮುಖವಾಡ ಹತ್ತು ವರ್ಷದ ನಂತರ ಮೇಲೆ ಬಂತು. 1981ರ ಏಪ್ರಿಲ್ 23, ಟೋಕಿಯೋದ ಕುರಾಮಾಯೆ ಕೊಕುಗಿಕಾನ್ ಕ್ರೀಡಾಂಗಣ. ಇನೊಕಿಯ ಕಂಪನಿ ಟೈಗರ್ ಮಾಸ್ಕ್ ಎನ್ನುವ ಹೆಸರಲ್ಲೇ ಒಬ್ಬ ನಿಜವಾದ ಕುಸ್ತಿಪಟುವನ್ನು ಅಖಾಡಕ್ಕಿಳಿಸಿತು. ಒಳಗಿದ್ದವನು ಸಾಯಾಮಾ ಸಾತೊರು. ತರಾತುರಿಯಲ್ಲಿ ಮಾಡಿಸಿದ ಮುಖವಾಡ ನೋಡಿ ಜನ ಮೊದಲು ನಕ್ಕರು. ಎದುರಿಗೆ ಇಂಗ್ಲೆಂಡಿನ ಡೈನಮೈಟ್ ಕಿಡ್. ಪಂದ್ಯ ಹತ್ತು ನಿಮಿಷ ತುಂಬುವುದರೊಳಗೆ ಮುಗಿಯಿತು, ನಗು ಅದಕ್ಕೂ ಮೊದಲೇ ನಿಂತಿತ್ತು. ಆ ವೇಗ, ಆ ಜಿಗಿತ ಅಲ್ಲಿಯವರೆಗೆ ಚಿತ್ರದಲ್ಲಿ ಮಾತ್ರ ಸಾಧ್ಯ ಎಂದು ಜನ ತಿಳಿದಿದ್ದರು. ಎರಡೇ ವರ್ಷ. 1983ರಲ್ಲಿ ಸಾಯಾಮಾ ಬಿಟ್ಟುಹೋದ, 1985ರಲ್ಲಿ ಈ ಆಟದ ಒಳಗುಟ್ಟು ಬಯಲು ಮಾಡುವ ಪುಸ್ತಕವನ್ನೇ ಬರೆದ. ಮಾವನಿಗೆ ಗೊತ್ತಿದ್ದದ್ದು ಈಗ ಹುಲಿಯ ಬಾಯಲ್ಲೇ ಬಂತು. ಎರಡನೇ ಟೈಗರ್ ಮಾಸ್ಕ್ ಮಿಸಾವಾ ಮಿತ್ಸುಹಾರು. 1990ರ ಮೇ 14ರಂದು ಪಂದ್ಯದ ನಡುವೆ ಜೊತೆಗಾರನಿಂದ ಮುಖವಾಡದ ದಾರ ಬಿಚ್ಚಿಸಿಕೊಂಡು, ಅದನ್ನು ಜನರ ಕಡೆಗೆ ಎಸೆದು, ಸ್ವಂತ ಮುಖದಲ್ಲಿ ಆಡಿದ. ಆಮೇಲೆ ಮೂರನೆಯವನು, ನಾಲ್ಕನೆಯವನು ಬಂದರು. ಯಾರೇ ಬಂದರೂ ಅವರೆಲ್ಲ ತೊಟ್ಟದ್ದು ಹುಲಿಯನ್ನು. ಒಳಗಿನ ದಾತೆ ನಾವೊತೊ ಯಾರಿಗೂ ಬೇಕಾಗಿರಲಿಲ್ಲ.

ಅವನು ಬೇಕಾದದ್ದು 2010ರ ಡಿಸೆಂಬರ್ 25ಕ್ಕೆ. ಗುನ್ಮಾ ಪ್ರಾಂತದ ಮಾಯೆಬಾಶಿ ಊರಿನಲ್ಲಿ ಮಕ್ಕಳ ಕಲ್ಯಾಣ ಕಚೇರಿಯ ಬಾಗಿಲ ಬಳಿ ಹತ್ತು ಹೊಸ ರಾಂದೊಸೆರು ಕಂಡವು. ರಾಂದೊಸೆರು ಎಂದರೆ ಜಪಾನಿನ ಮಕ್ಕಳು ಒಂದನೇ ಕ್ಲಾಸಿಗೆ ಸೇರುವಾಗ ಬೆನ್ನಿಗೇರಿಸುವ ಗಟ್ಟಿ ಚೌಕಾಕಾರದ ಬ್ಯಾಗು. ಡಚ್ಚರಿಂದ ಬಂದ ಹೆಸರು. ಆರು ವರ್ಷ ಅದೊಂದೇ. ಸಾಮಾನ್ಯವಾಗಿ ಅಜ್ಜ ಅಜ್ಜಿ ಕೊಡಿಸುತ್ತಾರೆ, ದುಬಾರಿಯೂ ಹೌದು. ಅಜ್ಜ ಅಜ್ಜಿ ಇರಲಿ, ಅಪ್ಪ ಅಮ್ಮನೂ ಇಲ್ಲದ ಮಗು ಏಪ್ರಿಲಿನಲ್ಲಿ ಶಾಲೆಗೆ ಹೋದಾಗ ಅದರ ಬೆನ್ನು ನೋಡಿದರೇ ಗೊತ್ತಾಗುತ್ತದೆ. ಕೊಟ್ಟವರು ಅದನ್ನು ಬಲ್ಲವರು. ಸಹಿ ಇದ್ದದ್ದು ಟೈಗರ್ ಮಾಸ್ಕ್ ಎಂದಲ್ಲ, ದಾತೆ ನಾವೊತೊ ಎಂದು. ಹೊಸ ವರ್ಷಕ್ಕೆ ಇನ್ನೊಂದು ಊರಿನಲ್ಲಿ ಬ್ಯಾಗುಗಳು ಬಂದವು, ಆಮೇಲೆ ಮತ್ತೊಂದು, ಮಗುದೊಂದು. ಜನವರಿ ನಡುಭಾಗದ ಹೊತ್ತಿಗೆ ಜಪಾನಿನ 47 ಪ್ರಾಂತಗಳಲ್ಲೂ ಯಾರ‍್ಯಾರೋ ದಾತೆ ನಾವೊತೊ ಆಗಿದ್ದರು. ಪೆನ್ಸಿಲ್ಲು, ಆಟಿಕೆ, ಅಕ್ಕಿ, ದುಡ್ಡು.

ಈ ಸಹಿಯಲ್ಲಿ ನನ್ನ ಮನಸ್ಸು ಇವತ್ತಿಗೂ ಸಿಕ್ಕಿಹಾಕಿಕೊಂಡಿದೆ. ಕಥೆಯಲ್ಲಿ ಮುಖವಾಡ ಹುಲಿಯದು, ಅಡಗಿದ್ದ ಹೆಸರು ದಾತೆ ನಾವೊತೊ. ಆ ಹೆಸರು ಯಾರಿಗೂ ತಿಳಿಯಬಾರದು ಎಂದೇ ಅವನು ಸಾಯುವಾಗ ಜೇಬಿಗೆ ಕೈ ಹಾಕಿದ್ದು. ನಲವತ್ತು ವರ್ಷದ ಮೇಲೆ ಜನ ಹುಲಿಯನ್ನು ಬಿಟ್ಟು ಆ ಹೆಸರನ್ನೇ ಮುಖವಾಡ ಮಾಡಿಕೊಂಡು ತಮ್ಮ ಮುಖ ಮುಚ್ಚಿಕೊಂಡರು.

ನಮ್ಮ ಕಡೆ ದೇವಸ್ಥಾನದ ಟ್ಯೂಬ್‌ಲೈಟ್ ಮೇಲೆ ದಾನಿಗಳ ಹೆಸರು ಬರೆಸುವುದನ್ನು ನೋಡಿದ್ದೀರಲ್ಲ, ಕೊನೆಗೆ ಬೆಳಕು ಬರಲು ಎರಡು ಬೆರಳು ಜಾಗ ಉಳಿದಿರುತ್ತದೆ. ನಮ್ಮಪ್ಪ ಒಮ್ಮೆ ಊರ ಗುಡಿಗೆ ಫ್ಯಾನು ಕೊಟ್ಟು, ರೆಕ್ಕೆಯ ಮೇಲೆ ಬರೆಸಿದ ಹೆಸರು ಫ್ಯಾನು ತಿರುಗಿದರೆ ಕಾಣುವುದಿಲ್ಲ ಎಂದು ನೊಂದುಕೊಂಡಿದ್ದರು. ಪೂಜಾರರು ಹಬ್ಬದ ದಿನ ಅರ್ಧ ಗಂಟೆ ಫ್ಯಾನು ನಿಲ್ಲಿಸುವುದೆಂದು ರಾಜಿ ಆಯಿತು. ನಗಲು ಹೇಳುತ್ತಿಲ್ಲ, ಅಪ್ಪನದೂ ಪ್ರೀತಿಯೇ. ಆದರೆ ಆ ಜನವರಿಯಲ್ಲಿ ನನಗೆ ಪದೇ ಪದೇ ಆ ಫ್ಯಾನು ನೆನಪಾಗುತ್ತಿತ್ತು.

ಮಾರ್ಚ್ 11ಕ್ಕೆ ಭೂಕಂಪ, ಸುನಾಮಿ. ಅಲ್ಲಿಂದ ಟೀವಿಯಲ್ಲಿ ಬ್ಯಾಗಿನ ಸುದ್ದಿ ಮಾಯ. 2016ರ ಡಿಸೆಂಬರಿನಲ್ಲಿ, ಆಗ ನಾನು ಬೆಂಗಳೂರಿನಲ್ಲಿದ್ದೆ, ಮೊಬೈಲಿನಲ್ಲಿ ಓದಿದೆ: ಮಾಯೆಬಾಶಿಯ ಆ ಮೊದಲ ದಾತೆ ನಾವೊತೊ ಟೋಕಿಯೋದ ಕೊರಾಕುಯೆನ್ ಹಾಲಿನ ಕುಸ್ತಿ ಅಖಾಡದಲ್ಲಿ ನಿಂತು ತಾನೇ ಎಂದು ಹೇಳಿಕೊಂಡಿದ್ದರು. ಕಂಪನಿಯೊಂದರಲ್ಲಿ ಕೆಲಸ ಮಾಡುವ ಸಾಮಾನ್ಯ ಮನುಷ್ಯ. ಮೊದಲಿಗೆ ನನಗೆ ಬೇಸರವಾಯಿತು, ಚರಂಡಿಯಿಂದ ಮುಖವಾಡ ಎತ್ತಿ ತಂದು ತೋರಿಸಿದ ಹಾಗೆ. ಇಂಥ ಮಕ್ಕಳ ಕಡೆ ಜನರ ಗಮನ ಮತ್ತೆ ತಿರುಗಲಿ ಎನ್ನುವುದು ಅವರ ಲೆಕ್ಕವಾಗಿತ್ತು. ಸರಿಯಿರಬಹುದು. ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ, ಅದು ನನ್ನ ಹಠ.

ಓಸುವಿನ ಕಪಾಟಿನಲ್ಲಿ ನನಗೆ ಕಟ್ಟಕಡೆಗೆ ಸಿಕ್ಕಿದ್ದು ಮೊದಲನೇ ಸಂಪುಟ. ಹೀಗಾಗಿ ಅವನ ಸಾವಿನಿಂದ ಶುರುಮಾಡಿ ನಾನು ತಲುಪಿದ್ದು ಮೃಗಾಲಯದಲ್ಲಿ ಹುಲಿಯ ಬೋನಿನ ಮುಂದೆ ನಿಂತ ಒಬ್ಬ ಅನಾಥ ಹುಡುಗನನ್ನು. ತಾನೂ ಹೀಗೆ ಬಲಶಾಲಿ ಆಗಬೇಕು ಎಂದುಕೊಳ್ಳುತ್ತಾನೆ. ಗುಹೆ, ಅರ್ಧ ಗಳಿಕೆ, ಲಾರಿ ಏನೂ ಅವನಿಗೆ ಗೊತ್ತಿಲ್ಲ, ನನಗೆ ಎಲ್ಲ ಗೊತ್ತಿತ್ತು. ಆ ಪುಟದಿಂದ ಮುಂದಕ್ಕೆ ಓದಲು ಕೈ ಬರಲಿಲ್ಲ.

ಹೊರಡುವ ಹಿಂದಿನ ದಿನ ಮೇಷ್ಟ್ರಿಗೆ ಹೇಳಿಬರಲು ಹೋದೆ. ನಾನು ಓದಿ ಮುಗಿಸಿದ ಸಂಪುಟಗಳನ್ನೆಲ್ಲ ಒಂದು ತಿಂಗಳ ಹಿಂದೆಯೇ ಅವರ ಬೆಂಚಿನ ಮೇಲೆ ಇಟ್ಟು ಬಂದಿದ್ದೆ. ಆ ಬಗ್ಗೆ ಅವರು ಒಂದು ಮಾತೂ ಆಡಿರಲಿಲ್ಲ. ಅವತ್ತು ಪುಸ್ತಕಗಳನ್ನು ಪೇಪರಿನಲ್ಲಿ ಸುತ್ತಿ ವಾಪಸ್ ಕೊಟ್ಟರು.

"ನಿನ್ನ ಲಾರಿ ಓದಿದೆ."

"ಹೇಗಿತ್ತು?"

ಅವರು ತಕ್ಷಣ ಉತ್ತರ ಕೊಡಲಿಲ್ಲ. ಗ್ಲೌಸು ಹಾಕಿಕೊಂಡರು, ಟಾರ್ಚ್ ಕೈಗೆತ್ತಿಕೊಂಡರು.

"ವಿಮಾನ ಹತ್ತಿದ್ದೇ ಸರಿ" ಎಂದು ಹೇಳಿ ಶೀಲ್ಡ್ ಇಳಿಸಿಕೊಂಡರು.